ಮಗು ಕುಂಯ್ ಎಂದರೂ ಅಮ್ಮನಿಗೆ ಎಚ್ಚರವಾಗುವುದು ಏಕೆ?

ಪ್ರಶ್ನೆ: ನನ್ನ ಮಗುವಿಗೆ ಈಗ ಮೂರು ತಿಂಗಳು. ಮೊದಲೆಲ್ಲ ಗುಡುಗಿದರೂ ಏಳದವಳು ನಾನು. ಈಗ ಮಗು ಕುಂಯ್ ಎಂದರೆ ಸಾಕು, ಎದ್ದು ಕೂರುತ್ತೇನೆ. ಪಕ್ಕದಲ್ಲೇ ಮಲಗಿರುವ ಗಂಡನಿಗೆ ಏನೂ ಕೇಳಿಸುವುದಿಲ್ಲ. ಹೆರಿಗೆಯಾದ ಮೇಲೆ ಕಿವಿ ಚುರುಕಾಗುತ್ತದೆಯೇ?

ಉತ್ತರ: ಕಿವಿಗೆ ಬೀಳುವ ಸದ್ದು ಮೊದಲಿನದೇ. ನೂರು ಸದ್ದುಗಳ ನಡುವೆ ಯಾವುದನ್ನು ಹೆಕ್ಕಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವ ಮಿದುಳು ಬದಲಾಗಿದೆ. ‘ಹೆತ್ತ ಕರುಳು’ ಎಂದು ನಾವು ಹೇಳುವುದರ ಒಂದು ಭಾಗ ತಲೆಯೊಳಗೇ ಇದೆ. ಅದು ಹೇಗೆ ಬೆಳೆಯುತ್ತದೆ ಎಂಬುದು ಸುಂಡಿಲಿಗಳ ಮೇಲಿನ ಪ್ರಯೋಗಗಳಿಂದ ಬಹಳ ಚೆನ್ನಾಗಿ ತಿಳಿದುಬಂದಿದೆ.

ಹುಟ್ಟಿದ ಸುಂಡಿಲಿ ಮರಿಗೆ ಕಣ್ಣು ಬಿಟ್ಟಿರುವುದಿಲ್ಲ, ಕಿವಿ ತೆರೆದಿರುವುದಿಲ್ಲ, ಮೈಮೇಲೆ ಕೂದಲೂ ಇರುವುದಿಲ್ಲ. ಗೂಡಿನಿಂದ ಹೊರಗೆ ಉರುಳಿದರೆ ಮೈ ತಣ್ಣಗಾಗತೊಡಗುತ್ತದೆ. ಆಗ ಅದು ಕೂಗುತ್ತದೆ. ನಾವು ಅಲ್ಲೇ ಬಾಗಿ ನೋಡುತ್ತಿದ್ದರೂ ನಮಗೆ ಕಾಣುವುದು ಪುಟ್ಟ ಬಾಯಿ ತೆರೆದು ಮುಚ್ಚುವುದಷ್ಟೇ. ಏಕೆಂದರೆ ಆ ಕೂಗು ಸುಮಾರು 60ರಿಂದ 80 ಕಿಲೋಹರ್ಟ್ಸ್, ಎಂದರೆ ಸೆಕೆಂಡಿಗೆ 60ರಿಂದ 80 ಸಾವಿರ ಕಂಪನಗಳ ಮಟ್ಟದ್ದು. ಮನುಷ್ಯರ ಕಿವಿ 20 ಕಿಲೋಹರ್ಟ್ಸ್ ದಾಟಿ ಕೇಳದು. ತಾಯಿ ಮಾತ್ರ ಗೂಡು ಬಿಟ್ಟು ಓಡಿಬಂದು, ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೋಗಿ ಉಳಿದ ಮರಿಗಳ ನಡುವೆ ಇಳಿಸುತ್ತಾಳೆ. ಮರಿ ಹಾಕದ ಹೆಣ್ಣು ಸುಂಡಿಲಿಗೂ ಆ ಕೂಗು ಕೇಳಿಸುತ್ತದೆ. ಆದರೆ ಅದು ಸಾಮಾನ್ಯವಾಗಿ ತನ್ನ ಪಾಡಿಗೆ ತಾನಿರುತ್ತದೆ.

ಈ ವ್ಯತ್ಯಾಸ ಎಲ್ಲಿಂದ ಬಂತು? ನ್ಯೂಯಾರ್ಕ್ ವಿಶ್ವವಿದ್ಯಾಲಯದ ರಾಬರ್ಟ್ ಫ್ರೋಮ್ಕಿ ಅವರ ಪ್ರಯೋಗಾಲಯದಲ್ಲಿ ಬಿಯಾಂಕಾ ಜೋನ್ಸ್ ಮಾರ್ಲಿನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನವೊಂದು 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸದ್ದು ಬಂದಾಗಲೆಲ್ಲ ಮಿದುಳಿನ ಶ್ರವಣ ಭಾಗದ ನರಕೋಶಕ್ಕೆ ಎರಡು ಸೂಚನೆಗಳು ತಲುಪುತ್ತವೆ: ಒಂದು ‘ಮಿಡಿ’ ಎನ್ನುತ್ತದೆ, ಇನ್ನೊಂದು ‘ತಡೆ’ ಎನ್ನುತ್ತದೆ. ಮರಿ ಹಾಕದ ಹೆಣ್ಣಿನಲ್ಲಿ ಮರಿಯ ಕೂಗಿನ ಮಟ್ಟಿಗೆ ಇವೆರಡರ ತಾಳ ಕೂಡುವುದಿಲ್ಲ. ಹಾಗಾಗಿ ಕೂಗು ಮಸುಕಾಗಿಯೇ ದಾಖಲಾಗುತ್ತದೆ. ತಾಯಿಯಲ್ಲಿ ಎರಡೂ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಪ್ರತಿ ಕೂಗಿಗೂ ನರಕೋಶ ಸರಿಯಾದ ಕ್ಷಣದಲ್ಲಿ ಮಿಡಿಯುತ್ತದೆ.

ಈ ತಾಳ ಕೂಡಿಸುವುದರಲ್ಲಿ ಆಕ್ಸಿಟೋಸಿನ್‌ಗೆ ದೊಡ್ಡ ಪಾತ್ರವಿದೆ. ಹೆರಿಗೆಯಲ್ಲಿ ಗರ್ಭಕೋಶ ಸಂಕುಚಿಸಲು, ಎದೆಹಾಲು ಹರಿಯಲು ನೆರವಾಗುವ ಹಾರ್ಮೋನು ಇದೇ. ಶ್ರವಣ ಭಾಗದಲ್ಲಿ ಅದು ಮೊದಲು ತಡೆಯನ್ನು ಸಡಿಲಿಸುತ್ತದೆ. ಮುಂದಿನ ಕೆಲವು ಗಂಟೆಗಳಲ್ಲಿ ತಡೆ ಮತ್ತೆ ಬಿಗಿಯಾಗುತ್ತದೆ. ಆದರೆ ಈ ಬಾರಿ ಮರಿಯ ಕೂಗಿಗೆ ಹೊಂದಿಕೊಂಡು. ಮರಿ ಹಾಕದ ಹೆಣ್ಣುಗಳಿಗೆ ಆಕ್ಸಿಟೋಸಿನ್ ಕೊಟ್ಟಾಗ ಅವು ಕೊಡದವುಗಳಿಗಿಂತ ಬೇಗನೆ ಮರಿಗಳನ್ನು ಎತ್ತಿ ತರಲು ಶುರುಮಾಡಿದವು. ಆಕ್ಸಿಟೋಸಿನ್ ಅಂಟಿಕೊಳ್ಳುವ ಗ್ರಾಹಕಗಳು ಶ್ರವಣ ಭಾಗದ ಬಲಬದಿಗಿಂತ ಎಡಬದಿಯಲ್ಲಿ ಹೆಚ್ಚಿದ್ದವು. ಮರಿಯ ಕೂಗನ್ನು ಗುರುತಿಸುವುದರಲ್ಲಿ ಎಡ ಮಿದುಳಿನದೇ ಮೇಲುಗೈ ಎಂದು ಜರ್ಮನಿಯ ವಿಜ್ಞಾನಿ ಗುಂಟರ್ ಎಹ್ರೆಟ್ 1987ರಲ್ಲೇ ತೋರಿಸಿದ್ದರು.

ನನ್ನ ಮನಸ್ಸಿನಲ್ಲಿ ತುಂಬ ನಿಂತಿರುವುದು ಫ್ರೋಮ್ಕಿ ಅವರ ಪ್ರಯೋಗಾಲಯದಿಂದಲೇ 2023ರಲ್ಲಿ ಬಂದ ಇನ್ನೊಂದು ಫಲಿತಾಂಶ. ತಾಯಿ ಸುಂಡಿಲಿಯಲ್ಲಿ ಮರಿಯ ಕೂಗು ಮಿದುಳಿನ ಒಳಗಿರುವ, ಸಂದೇಶಗಳನ್ನು ಮುಂದಕ್ಕೆ ದಾಟಿಸುವ ಥಾಲಮಸ್‌ನ ಒಂದು ಭಾಗದ ಮೂಲಕ ಸಾಗಿ, ಅದರ ಕೆಳಗಿರುವ ಹೈಪೊಥಾಲಮಸ್‌ನ ಆಕ್ಸಿಟೋಸಿನ್ ಕೋಶಗಳನ್ನು ಎಬ್ಬಿಸುತ್ತದೆ. ಒಂದೆರಡು ಕೂಗಿಗೆ ಅಲ್ಲ, ಮರಿ ಬಿಡದೆ ಕೂಗುತ್ತಿದ್ದಾಗ. ಎಂದರೆ ತಾಯಿಯ ಕಿವಿಯನ್ನು ತಿದ್ದುವ ಹಾರ್ಮೋನನ್ನು ಹೊರಡಿಸುವುದರಲ್ಲಿ ಮರಿಯ ಅಳುವಿನದೇ ಪಾಲಿದೆ! ಹಾಲೂಡಿಸುವ ಹೆಂಗಸರಿಗೆ ಇದರ ಪರಿಚಯ ಇನ್ನೊಂದು ರೂಪದಲ್ಲಿ ಇದ್ದೇ ಇರುತ್ತದೆ. ಬಸ್ಸಿನಲ್ಲಿ ಬೇರೆ ಯಾರದೋ ಮಗು ಅತ್ತರೂ ಎದೆ ಜುಮ್ಮೆಂದು, ಕುಪ್ಪಸ ಒದ್ದೆಯಾಗುತ್ತದೆ.

ಇನ್ನು ನಿಮ್ಮ ಗಂಡನ ವಿಷಯ. ಫ್ರಾನ್ಸ್ ಮತ್ತು ಕಾಂಗೊದ ಶಿಶುಗಳಿಗೆ ಸ್ನಾನ ಮಾಡಿಸುವಾಗ ಅಳುವನ್ನು ಧ್ವನಿಮುದ್ರಿಸಿಕೊಂಡು, ಹಲವು ಶಿಶುಗಳ ಅಳುವಿನ ನಡುವೆ ತಮ್ಮ ಮಗುವಿನದನ್ನು ಗುರುತಿಸಲು ತಂದೆತಾಯಿಯರಿಗೆ ಹೇಳಲಾಯಿತು. 2013ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಮಗುವಿನೊಂದಿಗೆ ಇರುವ ಅಪ್ಪಂದಿರು ಅಮ್ಮಂದಿರಷ್ಟೇ, ಸುಮಾರು 90 ಶೇಕಡಾ, ಸರಿಯಾಗಿ ಗುರುತಿಸಿದರು. ಅದಕ್ಕಿಂತ ಕಡಿಮೆ ಹೊತ್ತು ಇರುವ ಅಪ್ಪಂದಿರದು 75 ಶೇಕಡಾ. ಹೆತ್ತವಳಿಗೆ ಹಾರ್ಮೋನುಗಳು ಒಂದು ಹೆಜ್ಜೆ ಮುಂದೆ ಬಿಟ್ಟಿರಬಹುದು, ಉಳಿದ ದಾರಿ ಒಡನಾಟದ್ದು. ಹೆತ್ತೂ ಎಚ್ಚರವಾಗದ ತಾಯಂದಿರನ್ನು ಜರೆಯುವವರಿಗೆ ಇದನ್ನು ತೋರಿಸಬೇಕು ಎನಿಸುತ್ತದೆ. ದಣಿದು ಮಲಗಿದವಳಿಗೆ ನಿದ್ದೆ ಹತ್ತಿದರೆ ಅದು ಪ್ರೀತಿಯ ಕೊರತೆಯಲ್ಲ.

ನೋಡುವುದರಿಂದಲೂ ಕಲಿಕೆ ಆಗುತ್ತದೆ. 2021ರಲ್ಲಿ ಫ್ರೋಮ್ಕಿ ತಂಡವೇ ವರದಿ ಮಾಡಿದಂತೆ, ಮರಿ ಹಾಕದ ಹೆಣ್ಣನ್ನು ಬಾಣಂತಿ ಸುಂಡಿಲಿಯ ಜೊತೆ ಒಂದೇ ಪಂಜರದಲ್ಲಿ ಬಿಟ್ಟಾಗ, ತಾಯಿಯೇ ಅದನ್ನು ಮರಿಗಳಿರುವ ಗೂಡಿನತ್ತ ಮತ್ತೆ ಮತ್ತೆ ದಬ್ಬಿಕೊಂಡು ಹೋಗುತ್ತಿತ್ತು. ಪಾರದರ್ಶಕ ಗೋಡೆಯ ಆಚೆಯಿಂದ ತಾಯಿಯ ಕೆಲಸ ನೋಡುತ್ತಿದ್ದ ಹೆಣ್ಣುಗಳಲ್ಲೂ ಹಲವು ಮರಿ ಎತ್ತಲು ಕಲಿತವು. ನೋಟಕ್ಕೆ ಅಡ್ಡವಾಗುವ ಗೋಡೆ ಇಟ್ಟಾಗ ಕಲಿಯಲಿಲ್ಲ. ಇವತ್ತಿನಿಂದ ಸಂಜೆಯ ಸ್ನಾನವನ್ನೂ ರಾತ್ರಿಯ ಒಂದು ಸರದಿಯನ್ನೂ ನಿಮ್ಮ ಗಂಡನಿಗೆ ವಹಿಸಿಕೊಡಿ. ಮೊದಮೊದಲು ನೀವೇ ಅವರನ್ನು ಅಲುಗಾಡಿಸಿ ಎಬ್ಬಿಸಬೇಕಾದೀತು.