ಕೊಳೆ ಬಂದ ಅಡಿಕೆ ಕೊನೆ, ಕ್ಯಾನ್ಸರ್ ಬಂದ ಪಿತ್ತಕೋಶ

‘ಕ್ಯಾನ್ಸರಿಗೆ ಚಾಕು ಮುಟ್ಟಿಸಬಾರದು, ಗಾಳಿ ತಾಗಿದ್ರೆ ಹಬ್ಬುತ್ತೆ’ ಎಂಬ ಮಾತು ತೀರ್ಥಹಳ್ಳಿ, ಸಾಗರದ ಕಡೆ ಇನ್ನೂ ಸತ್ತಿಲ್ಲ. ಗಾಳಿ ತಾಗಿ ಯಾವ ಕ್ಯಾನ್ಸರೂ ಹಬ್ಬುವುದಿಲ್ಲ. ಪಿತ್ತಕೋಶದ ಕ್ಯಾನ್ಸರಿನಲ್ಲಿ ನಿಜವಾಗಿ ಹೆದರಬೇಕಾದದ್ದು ಚೆಲ್ಲಿದ ಪಿತ್ತರಸಕ್ಕೆ.

ಲಿವರಿನ ಅಡಿಗೆ ಅಂಟಿಕೊಂಡ ಈ ಚೀಲದಲ್ಲಿ 30ರಿಂದ 50 ಮಿಲಿ ರಸ ಹಿಡಿಯುತ್ತದೆ. ಗೋಡೆ 3 ಮಿಲಿಮೀಟರೂ ದಪ್ಪವಿಲ್ಲ. ಕರುಳಿನ ಒಳಪೊರೆಗೂ ಸ್ನಾಯುವಿಗೂ ನಡುವೆ ಇರುವ ಪದರ ಇಲ್ಲಿಲ್ಲ. ಲಿವರ್ ಕಡೆಯ ಮೈಗೆ ಹೊರಪೊರೆಯೂ ಇಲ್ಲ. ಹಾಗಾಗಿ ಗಡ್ಡೆ ಸ್ನಾಯು ದಾಟಿತೆಂದರೆ ಮುಂದಿನ ಮನೆ ಲಿವರೇ. ಒಳಪೊರೆಯಲ್ಲೇ ನಿಂತಿದ್ದರೆ (ವೈದ್ಯರ ಲೆಕ್ಕದಲ್ಲಿ ಟಿ1ಎ ಹಂತ) ಪಿತ್ತಕೋಶ ತೆಗೆದರೆ ಸಾಕು. ಸ್ನಾಯುವಿಗೆ ಇಳಿದಿದ್ದರೆ (ಟಿ1ಬಿ) ಅಥವಾ ಅದನ್ನೂ ದಾಟಿದ್ದರೆ, ಅಂಟಿದ ಲಿವರಿನಿಂದ ಸುಮಾರು 2 ಸೆಂಟಿಮೀಟರ್ ದಪ್ಪದ ತುಂಡು, ಪಿತ್ತನಾಳದ ಸುತ್ತಲಿನ ದುಗ್ಧಗ್ರಂಥಿಗಳು (ಲಿಂಫ್ ನೋಡ್) ಕನಿಷ್ಠ 6, ಎಲ್ಲ ಒಟ್ಟಿಗೆ ಬರಬೇಕು. ಪಿತ್ತಕೋಶದ ಕಲ್ಲಿಗೆ ಮಾಡುವ ಮಾಮೂಲು ಆಪರೇಷನ್ನಿನಲ್ಲಿ ಚೀಲವನ್ನು ಲಿವರಿನಿಂದ ಸುಲಿಯುತ್ತಾರೆ. ಗಡ್ಡೆ ಆ ಮೈಗೇ ಬೆಳೆದಿದ್ದರೆ, ಸುಲಿಯುವ ಗೆರೆ ಗಡ್ಡೆಯ ನಡುವೆಯೇ ಹಾದುಹೋಗುತ್ತದೆ.

1882ರಲ್ಲಿ ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್ ಹೊಟ್ಟೆ ಕೊಯ್ದು ಮೊದಲ ಪಿತ್ತಕೋಶ ತೆಗೆದರು. 1985ರಲ್ಲಿ ಜರ್ಮನಿಯ ಎರಿಖ್ ಮ್ಯೂಹೆ ಅದನ್ನೇ ಹೊಟ್ಟೆಗೆ ಸಣ್ಣ ತೂತು ಮಾಡಿ ದುರ್ಬೀನಿನಿಂದ (ಲ್ಯಾಪರೊಸ್ಕೋಪಿ) ಮಾಡಿದರು. ಸಹೋದ್ಯೋಗಿಗಳು ಮೊದಮೊದಲು ಹೀಗಳೆದರು. ಮುಂದೆ ತಂತ್ರ ಊರೂರಿಗೆ ಹಬ್ಬಿತು, ಜತೆಗೆ ಒಂದು ಕಂಟಕವೂ ಕಾಣಿಸಿಕೊಂಡಿತು: ಕಲ್ಲೆಂದು ತೆಗೆದದ್ದರಲ್ಲಿ ಕ್ಯಾನ್ಸರ್ ಅಡಗಿದ್ದವರ ಹೊಟ್ಟೆಯ ಮೇಲಿನ ತೂತಿನ ಗಾಯದಲ್ಲೇ ಗಡ್ಡೆ ಏಳತೊಡಗಿತು.

ಕಾರಣ ಅಡಿಕೆ ತೋಟದವರಿಗೆ ಬೇಗ ತಿಳಿಯುತ್ತದೆ. ಕೊಳೆ ರೋಗ ಬಂದ ಕೊನೆಯನ್ನು (ಅಡಿಕೆ ಗೊನೆ) ದೊಪ್ಪನೆ ಕೆಡವಿದರೆ ಕಾಯಿ ಚೆಲ್ಲಾಪಿಲ್ಲಿ, ಮಳೆಹನಿ ಸಿಡಿದಲ್ಲೆಲ್ಲ ರೋಗ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಅದನ್ನು ಹಗ್ಗದಲ್ಲಿ ಮೆಲ್ಲಗೆ ಜಾರಿಸುವುದು ಯಾಕೆ? ಪಿತ್ತಕೋಶವೂ ಹಾಗೆಯೇ. ಇಕ್ಕಳದ ಹಲ್ಲು ತುಸು ಬಿಗಿಯಾದರೆ ಗೋಡೆ ಹರಿದು ರಸದ ಜತೆ ಕ್ಯಾನ್ಸರ್ ಕೋಶಗಳು ಹೊಟ್ಟೆಯೊಳಗೆ ಚೆಲ್ಲುತ್ತವೆ. ಹರಿಯದಿದ್ದರೂ, 10 ಮಿಲಿಮೀಟರಿನ ತೂತಿನಲ್ಲಿ ಚೀಲವನ್ನು ಬರಿಮೈಯಲ್ಲಿ ಎಳೆದರೆ ತೂತಿನ ಅಂಚಿಗೆ ಕೋಶ ಸವರಿದಂತೆ. ಆದ್ದರಿಂದ ಅದಕ್ಕೂ ಅಡಿಕೆ ಕೊನೆಗೆ ಕಟ್ಟುವ ಹೊದಿಕೆಯಂಥ ಕೊಟ್ಟೆ ಬೇಕು: ಹೊಟ್ಟೆಯೊಳಗೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ತೂತು ಸಾಲದಿದ್ದರೆ ಹಿಗ್ಗಿಸಿ ಹೊರಗೆಳೆಯುತ್ತಾರೆ. ತೂತು ಹಿಗ್ಗಿಸಲು ಜಿಪುಣತನ ಮಾಡುವವರು ಚೀಲವನ್ನೇ ಹರಿದುಕೊಳ್ಳುತ್ತಾರೆ. ಅನುಮಾನ ಮೊದಲೇ ಇದ್ದು, ಗಡ್ಡೆ ಪೂರ್ತಿ ತೆಗೆಯಲು ಬರುವಂತಿದ್ದರೆ ಸೂಜಿ ಚುಚ್ಚಿ ಬಯಾಪ್ಸಿ ಮಾಡದಿರುವುದೂ ಈ ಚೆಲ್ಲುವ ಭಯಕ್ಕೇ.

ದೊಡ್ಡ ಕೊಯ್ತಕ್ಕೆ ಮೊದಲು ದುರ್ಬೀನು ಹಾಕಿ ನೋಡುವುದರಿಂದ ಇನ್ನೊಂದು ಲಾಭವಿದೆ. ಸಿಟಿ ಸ್ಕ್ಯಾನಿಗೆ ಕಾಣದ, ರವೆಯಷ್ಟು ಸಣ್ಣ ಗಂಟುಗಳು ಹೊಟ್ಟೆಯ ಪೊರೆಯ ಮೇಲೆ ಸಿಕ್ಕರೆ ಅಲ್ಲಿಗೇ ನಿಲ್ಲಿಸಬಹುದು. ಲಿವರಿನ ತುಂಡನ್ನೂ ತೂತಿನ ಮೂಲಕವೇ ತೆಗೆಯುವುದಕ್ಕೆ ಲಿವರ್ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದ ಕೈಯೇ ಬೇಕು.

ಇನ್ನು ‘ಪಿತ್ತ’ಕ್ಕೆಂದು ಮುರುಗಲು ಪಾನಕ ಕುಡಿಯಿರಿ, ತಂಪು. ಕಲ್ಲಿಗೂ ಗಡ್ಡೆಗೂ ಅದು ಮದ್ದಲ್ಲ. ಗಡ್ಡೆ ನಾಳ ಒತ್ತಿ ಬಂದ ಕಾಮಾಲೆಗೆ ನಾಟಿ ಸೊಪ್ಪು ಅರೆದು ಕುಡಿಸುತ್ತ ಕಳೆದ ವಾರಗಳು ಮಾತ್ರ ನಿಜಕ್ಕೂ ದುಬಾರಿ.

ಕಲ್ಲಿಗೆ ಆಪರೇಷನ್ ಆದವರು ತೆಗೆದ ಪಿತ್ತಕೋಶದ ಬಯಾಪ್ಸಿ ವರದಿ ಕೇಳಿ ಪಡೆಯಬೇಕು. ಅದರಲ್ಲಿ ಕ್ಯಾನ್ಸರ್ ಕಂಡರೆ ಮುಂದಿನ ವೈದ್ಯರು ಮೊದಲು ಹುಡುಕುವುದು ಡಿಸ್ಚಾರ್ಜ್ ಹಾಳೆಯಲ್ಲಿ ಎರಡು ಸಾಲು: ರಸ ಚೆಲ್ಲಿತೇ, ಪ್ಲಾಸ್ಟಿಕ್ ಚೀಲದಲ್ಲಿ ತೆಗೆದರೇ.