ಬಿಪಿಯನ್ನು ಎದ್ದು ನಿಂತಾಗಲೂ ನೋಡಿ

"ಬಿಪಿ ನಾರ್ಮಲ್ ಅಂದ್ರು ಡಾಕ್ಟ್ರೇ, ಆದ್ರೂ ಎದ್ರೆ ಕಣ್ಣು ಕತ್ತಲೆ ಬರುತ್ತೆ." ಎಪ್ಪತ್ತು ದಾಟಿದವರು ಇದನ್ನು ಹೇಳುತ್ತಲೇ ಇರುತ್ತಾರೆ. ಎರಡೂ ನಿಜವೇ. ಕುರ್ಚಿಯಲ್ಲಿ ಕೂರಿಸಿ ನೋಡಿದರೆ 130/80 ಇರುತ್ತದೆ. ಅವರೇ ಮಲಗಿದ್ದು ಎದ್ದು ನಿಂತರೆ ಮೇಲಿನ ಅಂಕಿ 100ಕ್ಕೆ ಜಾರಿರಬಹುದು. ನಿಲ್ಲಿಸಿ ಯಾರೂ ನೋಡಿರುವುದಿಲ್ಲ, ಅಷ್ಟೇ.

ಎದ್ದು ನಿಂತ ಕೂಡಲೇ ಅರ್ಧ ಲೀಟರಿನಷ್ಟು ಅಥವಾ ಅದಕ್ಕೂ ಜಾಸ್ತಿ ರಕ್ತ ಹೊಟ್ಟೆ, ಕಾಲಿನ ಕಡೆ ಇಳಿಯುತ್ತದೆ. ಇದನ್ನು ಕುತ್ತಿಗೆಯ ರಕ್ತನಾಳದಲ್ಲಿರುವ ನರಗಳು ಗುರುತಿಸುತ್ತವೆ. ಆಗ ಎದೆಬಡಿತ ಏರುತ್ತದೆ, ರಕ್ತನಾಳಗಳು ಬಿಗಿಯಾಗುತ್ತವೆ, ಮೆದುಳಿಗೆ ರಕ್ತ ಕಡಿಮೆಯಾಗುವುದಿಲ್ಲ. ವಯಸ್ಸಾದ ಮೇಲೆ ಈ ಕೆಲಸ ನಿಧಾನವಾಗುತ್ತದೆ. ಹಳೆಯ ಸಕ್ಕರೆ ಕಾಯಿಲೆ ಅಥವಾ ಪಾರ್ಕಿನ್ಸನ್ (ಕೈ ನಡುಗುವ, ನಡಿಗೆ ನಿಧಾನವಾಗುವ ನರದ ಕಾಯಿಲೆ) ಇದ್ದರೆ ಇನ್ನೂ ನಿಧಾನ.

ಮನೆಯಲ್ಲಿ ಬಿಪಿ ಮೆಷಿನ್ ಇದ್ದರೆ ಹೀಗೆ ನೋಡಿ. ಐದು ನಿಮಿಷ ಮಲಗಿಸಿ ಒಮ್ಮೆ ಅಳೆಯಿರಿ. ಎದ್ದು ನಿಂತ ಒಂದು ನಿಮಿಷಕ್ಕೆ ಮತ್ತೆ, ಮೂರು ನಿಮಿಷಕ್ಕೆ ಇನ್ನೊಮ್ಮೆ. ಪಕ್ಕದಲ್ಲಿ ಹಿಡಿದುಕೊಳ್ಳಲು ಒಬ್ಬರು ಇರಲೇಬೇಕು. ಮಲಗಿದ್ದಾಗಿಗಿಂತ ಮೇಲಿನ ಅಂಕಿ 20, ಅಥವಾ ಕೆಳಗಿನದು 10 ಇಳಿದರೆ ಅಂಕಿಗಳನ್ನು ಬರೆದ ಚೀಟಿ ಹಿಡಿದು ವೈದ್ಯರ ಬಳಿ ಹೋಗಿ.

ಹೋಗುವಾಗ ಮಾತ್ರೆಗಳ ಡಬ್ಬಿಯನ್ನೂ ತೆಗೆದುಕೊಂಡು ಹೋಗಿ. ನನ್ನ ಮಟ್ಟಿಗೆ ಅರ್ಧ ಉತ್ತರ ಆ ಡಬ್ಬಿಯಲ್ಲೇ ಇರುತ್ತದೆ. ಬಿಪಿ ಮಾತ್ರೆ ಒಬ್ಬರು ಬರೆದಿರುತ್ತಾರೆ. ಮೂತ್ರ ಸಲೀಸಾಗಲಿ ಎಂದು ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ಇನ್ನೊಬ್ಬರು ಕೊಟ್ಟಿರುತ್ತಾರೆ. ಕಾಲು ಊತಕ್ಕೆ ನೀರಿಳಿಸುವ ಮಾತ್ರೆ, ಕಾಲು ಉರಿಗೆ ಅಮಿಟ್ರಿಪ್ಟಿಲಿನ್ ಬೇರೆ ಕಡೆಯಿಂದ. ಒಂದೊಂದೇ ನೋಡಿದರೆ ಯಾವುದೂ ತಪ್ಪಲ್ಲ. ಆದರೆ ಎದ್ದಾಗ ಬಿಪಿ ಇಳಿಸುವ ಗುಣ ಎಲ್ಲಕ್ಕೂ ಇದೆ. ಇದಕ್ಕೆ ಬೇಸಿಗೆಯ ಭೇದಿ, ಇಲ್ಲವೇ ಏಕಾದಶಿಯ ನಿರ್ಜಲ ಉಪವಾಸ ಸೇರಿದರೆ ಕೇಳುವುದೇ ಬೇಡ. ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ. ಡೋಸ್ ಇಳಿಸುವುದು, ಹೊತ್ತು ಬದಲಿಸುವುದು, ಒಂದನ್ನು ಬಿಡಿಸುವುದು ವೈದ್ಯರ ಕೆಲಸ. ಕೆಲವನ್ನು ಸಡನ್ನಾಗಿ ಬಿಟ್ಟರೆ ತೊಂದರೆಯೇ ಜಾಸ್ತಿ.

ಊಟದ ಮೇಲೂ ಕಣ್ಣಿಡಿ. ಹೊಟ್ಟೆ ತುಂಬ ಅನ್ನವೋ ಮುದ್ದೆಯೋ ಉಂಡ ಮೇಲೆ ರಕ್ತ ಕರುಳಿನ ಕಡೆ ಹರಿಯುತ್ತದೆ. ಮುಂದಿನ ಎರಡು ಗಂಟೆಯೊಳಗೆ ಕೆಲವರ ಬಿಪಿ ಚೆನ್ನಾಗಿಯೇ ಇಳಿಯುತ್ತದೆ. ಮದುವೆ ಊಟ ಮುಗಿಸಿ ಎಲೆ ಮುಂದಿನಿಂದ ಏಳುವಾಗ ಅಜ್ಜಂದಿರು ತೂರಾಡುವುದು ಸುಮ್ನೆ ಅಲ್ಲ. ಸ್ವಲ್ಪಸ್ವಲ್ಪವಾಗಿ, ಹೆಚ್ಚು ಸಲ ಉಣ್ಣುವುದು ಒಳ್ಳೆಯದು. ಹಂಡೆಯ ಸುಡುನೀರಿನ ಸ್ನಾನವೂ ಹೀಗೆಯೇ ಕಾಡುತ್ತದೆ. ಬಿಸಿಗೆ ರಕ್ತನಾಳಗಳು ಸಡಿಲಾಗುತ್ತವೆ. ನೀರು ಉಗುರುಬೆಚ್ಚಗಿರಲಿ, ಸ್ಟೂಲ್ ಮೇಲೆ ಕೂತು ಸ್ನಾನ ಮಾಡಲಿ, ಬಚ್ಚಲಿನ ಚಿಲಕ ಹಾಕದಿರಲಿ.

ಬೆಳಿಗ್ಗೆ ಏಳುವ ಮೊದಲು ಮಲಗಿದ್ದಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸಿ. ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕೂತು ಆಮೇಲೆ ನಿಲ್ಲಿ. ನೀರು ಮಿತಿಯಲ್ಲಿರಲಿ ಎಂದು ವೈದ್ಯರು ಹೇಳಿರದಿದ್ದರೆ, ಏಳುವ ಮುನ್ನ ಎರಡು ಲೋಟ ನೀರು ಬೇಗ ಕುಡಿದರೆ ಸ್ವಲ್ಪ ಹೊತ್ತಿನಲ್ಲಿ ಬಿಪಿ ಏರುತ್ತದೆ. ತೊಡೆಯವರೆಗಿನ ಬಿಗಿ ಕಾಲುಚೀಲ ಕೆಲವರಿಗೆ ನೆರವಾಗುತ್ತದೆ. ನಮ್ಮ ಸೆಖೆಯಲ್ಲಿ ಎಷ್ಟು ಜನ ಹಾಕಿಕೊಳ್ಳುತ್ತಾರೋ, ಅದು ಬೇರೆ ಮಾತು. ರಾತ್ರಿ ಮೂತ್ರಕ್ಕೆ ಎದ್ದಾಗ ಗಂಡಸರೂ ಕೂತೇ ಮಾಡಲಿ.

"ಬಿಪಿ ಲೋ ಆಗಿದೆ, ಉಪ್ಪು ಹಾಕಿ ಮಜ್ಜಿಗೆ ಕೊಡಿ" ಅನ್ನುವುದು ಎಲ್ಲರ ಮನೆಯ ಮದ್ದು. ಭೇದಿಯಾದಾಗ ಸರಿಯೇ. ಆದರೆ ನಿಂತಾಗ ಬಿಪಿ ಇಳಿಯುವ ಎಷ್ಟೋ ಹಿರಿಯರಿಗೆ ಮಲಗಿದಾಗ ಅದು ಏರಿರುತ್ತದೆ. ಹೃದಯ, ಕಿಡ್ನಿ ತೊಂದರೆ ಇದ್ದವರಿಗಂತೂ ಕೇಳದೆ ಉಪ್ಪು ಹೆಚ್ಚಿಸಬಾರದು.

ತಲೆಸುತ್ತೆಲ್ಲ ಬಿಪಿಯದ್ದೂ ಅಲ್ಲ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಕೋಣೆಯೇ ಗಿರಗಿರ ತಿರುಗಿದರೆ ಅದು ಹೆಚ್ಚಾಗಿ ಒಳಕಿವಿಯದ್ದು. ಸಕ್ಕರೆ ಮಾತ್ರೆ ನುಂಗಿ ತಿಂಡಿ ತಡವಾಗಿ ಬೆವರಿದರೆ ಮೊದಲು ಶುಗರ್ ನೋಡಿ. ಪ್ರಜ್ಞೆ ತಪ್ಪಿದರೆ, ಎದೆ ನೋವು ಬಂದರೆ, ಮಾತು ತೊದಲಿದರೆ, ಮಲ ಡಾಂಬರಿನಂತೆ ಕಪ್ಪಗಿದ್ದರೆ ಮನೆಮದ್ದು ಮಾಡುತ್ತಾ ಕೂರದೆ 108ಕ್ಕೆ ಫೋನ್ ಮಾಡಿ.