ಸೆರಗು ತಿರುಗಿಸಿ ನೋಡಿ

ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ಆನೆ, ತುಳಸಿಕಟ್ಟೆ. ಅಂಗಡಿಯವರು ‘ಕಸೂತಿ’ ಅಂತ ಹೇಳಿ ಸೆರಗು ಹರಡುತ್ತಾರೆ. ಇದು ಕೈಯದೋ, ಮಷೀನಿನದೋ? ಹೊಲಿಗೆ ಒಂದೇ ಸಮ ಇದ್ದರೆ ಮಷೀನು, ಓರೆಕೋರೆ ಇದ್ದರೆ ಕೈ ಅಂತ ಎಷ್ಟೋ ಜನ ತೀರ್ಮಾನಿಸಿಬಿಡುತ್ತಾರೆ. ಧಾರವಾಡದ ಕಸೂತಿಗೆ ಈ ಲೆಕ್ಕ ನಡೆಯಲ್ಲ. ಅಲ್ಲಿನ ಹೆಣ್ಣುಮಕ್ಕಳು ಬಟ್ಟೆಯ ಎಳೆ ಎಣಿಸಿಯೇ ಸೂಜಿ ಚುಚ್ಚುತ್ತಾರೆ. ನುರಿತ ಕೈಯ ಗೆರೆ ನೆಟ್ಟಗೇ ಇರುತ್ತದೆ. ಗುಟ್ಟು ಗೊತ್ತಾಗುವುದು ಹಿಂಬದಿಯಲ್ಲಿ.

ಕಾರಣ ಸೂಜಿಯಲ್ಲಿದೆ. ಕೈಸೂಜಿಗೆ ಕಣ್ಣು ಹಿಂತುದಿಯಲ್ಲಿ. ಇಡೀ ಸೂಜಿ ಬಟ್ಟೆ ದಾಟಿ ಆಚೆ ಹೋಗುತ್ತದೆ, ಮತ್ತೆ ಈಚೆ ಬರುತ್ತದೆ. ಒಂದೇ ದಾರ ಎರಡೂ ಕಡೆ ಓಡಾಡುತ್ತದೆ. ಮಷೀನ್ ಸೂಜಿಗೆ ಕಣ್ಣು ಮೊನೆಯ ಹತ್ತಿರ. ಅದು ಪೂರ್ತಿ ಆಚೆ ಹೋಗುವುದೇ ಇಲ್ಲ. ಚುಚ್ಚಿ, ಕೆಳಗೆ ದಾರದ ಕುಣಿಕೆ ಬಿಟ್ಟು, ಬಂದ ದಾರಿಯಲ್ಲೇ ಮೇಲೇಳುತ್ತದೆ. ಕೆಳಗಿನ ಕೊಕ್ಕೆ ಆ ಕುಣಿಕೆ ಹಿಡಿದು ಬಾಬಿನ್ (ಕೆಳಗಿರುವ ಪುಟ್ಟ ಉರುಳೆ) ದಾರದ ಸುತ್ತ ಹಾಯಿಸುತ್ತದೆ. ಹೀಗೆ ಎರಡು ದಾರ ಹೆಣೆಯುವ ಹೊಲಿಗೆಯ ಮಷೀನಿಗೆ ಅಮೆರಿಕದ ಎಲಿಯಾಸ್ ಹೋವ್ 1846ರಲ್ಲೇ ಪೇಟೆಂಟ್ ಪಡೆದಿದ್ದರು. ಇವತ್ತಿನ ಕಂಪ್ಯೂಟರ್ ಎಂಬ್ರಾಯ್ಡರಿಯೂ ಸಾಮಾನ್ಯವಾಗಿ ಎರಡು ದಾರದ ಕೆಲಸವೇ.

ಹಾಗಾಗಿ ಮಷೀನ್ ಕೆಲಸದ ಬಟ್ಟೆ ತಿರುಗಿಸಿದರೆ ಹೂವು ಕೆಂಪು, ಎಲೆ ಹಸಿರು ಇದ್ದರೂ ಎಲ್ಲದರ ನಡುವೆ ತೆಳ್ಳಗಿನ ಒಂದೇ ಬಣ್ಣದ ದಾರ, ಬಹಳ ಸಲ ಬಿಳಿಯದು, ಕಾಣುತ್ತದೆ. ಬಟ್ಟೆ ಸುಕ್ಕಾಗದಿರಲಿ ಅಂತ ಇಟ್ಟ ಪೇಪರಿನ ಚೂರುಗಳೂ ಹೊಲಿಗೆಯಂಚಲ್ಲಿ ಉಳಿದಿರಬಹುದು.

ಈಗ ಕಸೂತಿಯ ಗವಂತಿ ಹೊಲಿಗೆ ನೋಡಿ. ಗಂಟು ಹಾಕದೆ ಶುರುಮಾಡುತ್ತಾರೆ. ಹೋಗುವಾಗ ಒಂದು ಗೆರೆ ಮೇಲೆ, ಒಂದು ಕೆಳಗೆ. ವಾಪಸ್ ಬರುವಾಗ ಖಾಲಿ ಬಿಟ್ಟ ಜಾಗಗಳು ತುಂಬುತ್ತವೆ. ಕೊನೆಗೆ ಎರಡೂ ಬದಿ ಒಂದೇ ಥರ. ನೇರ ಗೆರೆಗೆ ಇದು ಸುಲಭ. ಆದರೆ ನೂರು ಕವಲಿರುವ ಗೋಪುರಕ್ಕೆ?

ಇಲ್ಲಿ ಒಂದು ಚಂದದ ಗಣಿತವಿದೆ. ಕಂಬದ ಮೇಲೇರುವಾಗ ಪಕ್ಕದಲ್ಲಿ ಕವಲು ಬಂತು ಅನ್ನಿ. ಅದಕ್ಕೆ ಹೋಗಿ ಅದೇ ದಾರಿಯಲ್ಲಿ ಹಿಂದೆ ಬಂದರೆ ಪ್ರತಿ ಗೆರೆಗೂ ಎರಡು ಹೊಲಿಗೆ. ಒಟ್ಟು ಯಾವಾಗಲೂ ಸಮಸಂಖ್ಯೆ. ಹಾಗಾಗಿ ಮೇಲೆ-ಕೆಳಗೆ ಎಂಬ ಸರದಿ ಕೆಡುವುದಿಲ್ಲ. ಹೋಗುವಾಗ ಮುಂಬದಿಯಲ್ಲಿ ಬಿದ್ದ ಗೆರೆ, ಬರುವಾಗ ತಾನಾಗಿ ಹಿಂಬದಿಯಲ್ಲಿ ಬೀಳುತ್ತದೆ. ಗೆರೆಗಳೆಲ್ಲ ಒಂದಕ್ಕೊಂದು ಕೂಡಿದ್ದರೆ ಸಾಕು, ಎಂಥ ಚಿತ್ರವನ್ನಾದರೂ ಹೀಗೆ ಮುಗಿಸಿ ಹೊರಟ ಜಾಗಕ್ಕೇ ಬಂದು ಸೇರಬಹುದು. ಕೋನಿಗ್ಸ್‌ಬರ್ಗ್ ಊರಿನ ಏಳೂ ಸೇತುವೆಗಳನ್ನು ಒಂದೊಂದೇ ಸಲ ದಾಟಿ ಸುತ್ತಿ ಬರಬಹುದೇ ಎಂಬ ಲೆಕ್ಕವನ್ನು ಗಣಿತಜ್ಞ ಆಯ್ಲರ್ 1736ರಲ್ಲಿ ಬಿಡಿಸಿದಾಗ ಹುಟ್ಟಿದ ಗಣಿತ ಇದೇ. ನಮ್ಮ ಹೆಣ್ಣುಮಕ್ಕಳು ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ, ಬರೀ ಎಳೆ ಎಣಿಸುತ್ತಾ ಈ ದಾರಿ ಹಿಡಿಯುತ್ತಾರೆ. ಎಂಥ ಬುದ್ಧಿವಂತಿಕೆ, ಅಲ್ವಾ?

ಮೆಟ್ಟಿಲಿನಂಥ ಮುರ್ಗಿಯೂ ಎರಡೂ ಕಡೆ ಒಂದೇ. ನೇಯ್ದಂತೆ ಕಾಣುವ ನೇಗಿ, ಗುಣಾಕಾರ ಚಿಹ್ನೆಯಂಥ ಮೆಂತಿ ಹೊಲಿಗೆಗಳು ಹಾಗಲ್ಲ. ಅವುಗಳ ಹಿಂಬದಿ ಬೇರೆ ಥರ ಕಂಡರೆ ಸುಮ್ನೆ ಅನುಮಾನಪಡಬೇಡಿ. ಅಲ್ಲೂ ಎರಡನೇ ದಾರ ಇದೆಯಾ ಅಂತ ಹುಡುಕಿದರಾಯಿತು. ಬಾಬಿನ್ ದಾರವೂ ಅದೇ ಬಣ್ಣದ್ದಾಗಿದ್ದರೆ ಸೂಜಿಮೊನೆಯಿಂದ ಒಂದು ಹೊಲಿಗೆಯನ್ನು ಸ್ವಲ್ಪ ಎತ್ತಿ ನೋಡಿ, ಇನ್ನೊಂದು ದಾರ ಅದಕ್ಕೆ ಹೆಣೆದುಕೊಂಡಿದ್ದರೆ ಮಷೀನು.

ಮಷೀನ್ ಕೆಲಸವನ್ನು ಮಷೀನಿನದು ಅಂತಲೇ ಮಾರಿದರೆ ನನ್ನ ತಕರಾರಿಲ್ಲ. ಕಸೂತಿಗೆ ಜಿಐ, ಅಂದರೆ ಆ ಊರಿನ ಕಲೆ ಎಂಬ ಭೌಗೋಳಿಕ ಗುರುತಿನ, ಮಾನ್ಯತೆ ಇದೆ. ಅದರ ಹೆಸರಲ್ಲಿ ಬಾಬಿನ್ ದಾರ ಮಾರುವುದು ಕಣ್ಣು ನೋಯಿಸಿಕೊಂಡು ಎಳೆ ಎಣಿಸಿದವರ ಕೂಲಿಗೆ ಕೈ ಹಾಕಿದಂತೆ.

ಬ್ಲೌಸಿನ ಮಗ್ಗಂ ವರ್ಕ್ ಮಾತ್ರ ಜಾಸ್ತಿ ಕಷ್ಟ. ಅಲ್ಲಿ ಕೊಕ್ಕೆಸೂಜಿ ಕೆಳಗಿನ ಒಂದೇ ದಾರವನ್ನು ಕುಣಿಕೆ ಕುಣಿಕೆಯಾಗಿ ಮೇಲೆಳೆದು ಸರಪಳಿ ಕಟ್ಟುತ್ತದೆ. ಇದನ್ನೇ ಮಾಡುವ ಮಷೀನುಗಳೂ ಇವೆ. ಆಗ ಹಿಂಬದಿ ಏನೂ ಹೇಳುವುದಿಲ್ಲ. ಒಂದೇ ಥರದ ಎರಡು ಮಾವಿನಕಾಯಿ ಬುಟ್ಟಾ ಆರಿಸಿ ಕುಣಿಕೆ ಎಣಿಸಿ. ಕಂಪ್ಯೂಟರ್ ಮಾಡಿದ್ದಾದರೆ ಎಣಿಕೆಯೂ, ಶುರುವಾದ ಜಾಗವೂ ಎರಡರಲ್ಲೂ ಒಂದೇ ಆಗಿರುತ್ತವೆ. ಕೈಯಲ್ಲಿ ಮಾಡಿದ್ದರಲ್ಲಿ ಸಾಮಾನ್ಯವಾಗಿ ಒಂದೆರಡಾದರೂ ಹೆಚ್ಚುಕಮ್ಮಿ ಇರುತ್ತದೆ.